ವಿಚಾರವನ್ನು ಚಿಹ್ನೆಯಾಗಿಸುವ ಕ್ರಮ

ಪೆನ್ಸಿಲ್ ಹಿಡಿಯುವ ಮೊದಲು ಒಂದು ವಾಕ್ಯ ಬರೆದಿಟ್ಟುಕೊಳ್ಳಿ: ಇದನ್ನು ನೋಡಿದವರು ಏನು ಮಾಡಬೇಕು? ‘ನೀರು’ ಎಂದಷ್ಟೇ ಬರೆದರೆ ಆಗಲಿಲ್ಲ. ‘ಈ ನೀರು ಕುಡಿಯಬಹುದು’, ‘ಈ ನೀರು ಕುಡಿಯಬೇಡಿ’, ‘ಇಲ್ಲಿ ನೀರು ಆಳವಿದೆ’ ಎಂಬ ಮೂರಕ್ಕೂ ಮೂರು ಬೇರೆ ಚಿಹ್ನೆ ಬೇಕು. ಅರ್ಥವಾಗದ ಚಿಹ್ನೆಗಳು ಹೆಚ್ಚಾಗಿ ಈ ಹಂತದಲ್ಲೇ ಕೆಟ್ಟಿರುತ್ತವೆ. ಆಮೇಲೆ ಗೆರೆ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಹೇಳಬೇಕಾದದ್ದು ವಸ್ತುವಾದರೆ ವಸ್ತುವಿನ ಚಿತ್ರವನ್ನೇ ಬರೆಯಿರಿ. ವಿಚಾರಕ್ಕೆ ಕಣ್ಣಿಗೆ ಕಾಣುವ ರೂಪವಿಲ್ಲವಾದ್ದರಿಂದ ಅದಕ್ಕೆ ಅಂಟಿಕೊಂಡ ಕ್ರಿಯೆಯನ್ನು ಹುಡುಕಬೇಕು. ತುರ್ತು ನಿರ್ಗಮನಕ್ಕೆ ಬಾಗಿಲು ಮಾತ್ರ ಬರೆದರೆ ಅದು ಯಾವ ಬಾಗಿಲೂ ಆಗಬಹುದು. ಜಪಾನಿನ ಯುಕಿಯೋ ಓಟಾ ರೂಪಿಸಿದ ಹಸಿರು ಚಿಹ್ನೆಯಲ್ಲಿ ಮನುಷ್ಯ ಬಾಗಿಲತ್ತ ಓಡುತ್ತಾನೆ. ಆ ಓಟದಲ್ಲೇ ಅರ್ಥವೆಲ್ಲ ಇದೆ.

ಇನ್ನೊಂದು ದಾರಿ, ಯಾವುದನ್ನೂ ಹೋಲದ ಆಕಾರವನ್ನು ಆರಿಸಿ ಅದರ ಅರ್ಥವನ್ನು ಜನರಿಗೆ ಕಲಿಸುವುದು. 1966ರಲ್ಲಿ ತಯಾರಾದ ಜೈವಿಕ ಅಪಾಯದ ಚಿಹ್ನೆ ಹಾಗೇ ಹುಟ್ಟಿದ್ದು: ಹಿಂದಿನ ಅರ್ಥವೇನೂ ಇರಕೂಡದು, ಆದರೆ ನೆನಪಿನಲ್ಲಿ ಉಳಿಯಬೇಕು. ತರಬೇತಿ ಕೊಡಲು ಸಾಧ್ಯವಿರುವ ಕಡೆ ಮಾತ್ರ ಈ ದಾರಿ ಹಿಡಿಯಿರಿ. ವಿಕಿರಣದ ಮೂರೆಸಳಿನ ಗುರುತು 1946ರಷ್ಟು ಹಳೆಯದು. ಆದರೂ ಕಲಿಯದವರ ಕಣ್ಣಿಗೆ ಅದು ಬರೀ ಫ್ಯಾನು. ಹಾಗಾಗಿಯೇ 2007ರಲ್ಲಿ ತಲೆಬುರುಡೆ ಮತ್ತು ಓಡುವ ಮನುಷ್ಯನಿರುವ ಹೆಚ್ಚುವರಿ ಚಿಹ್ನೆಯೊಂದನ್ನು ತರಬೇಕಾಯಿತು.

ಚೌಕಟ್ಟು ಮತ್ತು ಬಣ್ಣದಲ್ಲಿ ಹೊಸತನ ಬೇಡ. ಸುರಕ್ಷತಾ ಚಿಹ್ನೆಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 3864ರ ಪ್ರಕಾರ ಅಡ್ಡಪಟ್ಟಿಯಿರುವ ಕೆಂಪು ವೃತ್ತ ನಿಷೇಧಕ್ಕೆ, ನೀಲಿ ವೃತ್ತ ಕಡ್ಡಾಯಕ್ಕೆ, ಹಳದಿ ತ್ರಿಕೋನ ಎಚ್ಚರಿಕೆಗೆ, ಹಸಿರು ಚೌಕ ಸುರಕ್ಷಿತ ದಾರಿಗೆ. ಕೆಂಪು–ಹಸಿರು ವ್ಯತ್ಯಾಸ ಕಾಣದವರಿಗೆ ಆಕಾರವೇ ಆಧಾರ, ಆದ್ದರಿಂದ ಬಣ್ಣವೊಂದನ್ನೇ ನೆಚ್ಚಬೇಡಿ. ಕಪ್ಪು–ಬಿಳುಪು ಪ್ರತಿ ತೆಗೆದು ನೋಡಿದರೆ ಕೊರತೆ ತಕ್ಷಣ ಗೊತ್ತಾಗುತ್ತದೆ.

ಈಗ ಚಿತ್ರ. 64×64 ಮನೆಗಳ ಚೌಕಜಾಲ ಹಾಕಿ, ಸುತ್ತ 4 ಮನೆ ಖಾಲಿ ಬಿಡಿ. ಗೆರೆ 4 ಮನೆ ದಪ್ಪ, ಭಾಗಗಳ ನಡುವಿನ ಸಂದು 3 ಮನೆಗಿಂತ ಕಡಿಮೆ ಬೇಡ; ಇಲ್ಲದಿದ್ದರೆ ಚಿಕ್ಕದಾಗಿಸಿದಾಗ ಎರಡು ಭಾಗ ಕೂಡಿ ಮುದ್ದೆಯಾಗುತ್ತವೆ. ಬರೀ ಹೊರಗೆರೆಗಿಂತ ತುಂಬಿದ ಆಕಾರ ದೂರದಿಂದ ಚೆನ್ನಾಗಿ ಕಾಣುತ್ತದೆ. ವಸ್ತುವನ್ನು ಅದರ ಗುರುತು ಹತ್ತುವ ಬದಿಯಿಂದಲೇ ತೋರಿಸಿ: ಸೈಕಲ್ಲಿಗೆ ಪಕ್ಕದ ನೋಟ, ಕತ್ತರಿಗೆ ಮೇಲಿನ ನೋಟ. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಜರ್ಮನಿಯ ವಿನ್ಯಾಸಕ ಓಟ್ಲ್ ಐಷರ್ ತಂಡ ಮಾಡಿದ ಕ್ರೀಡಾ ಚಿಹ್ನೆಗಳಲ್ಲಿ ಕೈಕಾಲುಗಳು ನೇರ, ಅಡ್ಡ ಮತ್ತು 45 ಡಿಗ್ರಿ ಓರೆಗಳಲ್ಲೇ ನಿಲ್ಲುತ್ತವೆ. ಇಡೀ ಸರಣಿ ಒಂದೇ ಕೈಬರಹದಂತೆ ಕಾಣುವುದು ಅದರಿಂದಲೇ. ಕಣ್ಣು, ಬೆರಳು, ಬಟ್ಟೆಯ ಮಡಿಕೆ ಯಾವುದೂ ಬೇಡ. ಅಳಿಸಿದರೂ ಅರ್ಥ ಉಳಿಯುವುದನ್ನೆಲ್ಲ ಅಳಿಸಿ.

ನಿಷೇಧದ ಪಟ್ಟಿ ಎಡ ಮೇಲಿನಿಂದ ಬಲ ಕೆಳಕ್ಕೆ 45 ಡಿಗ್ರಿಯಲ್ಲಿ ಇಳಿಯುತ್ತದೆ, ಕೆಂಪು ಒಟ್ಟು ವಿಸ್ತೀರ್ಣದ ಕನಿಷ್ಠ ಶೇ. 35 ಇರಬೇಕು. ಇಲ್ಲಿ ಮಾಮೂಲಿ ಎಡವಟ್ಟೆಂದರೆ ಪಟ್ಟಿ ಚಿತ್ರದ ಮುಖ್ಯ ಭಾಗವನ್ನೇ ಮುಚ್ಚುವುದು. ಬೆಂಕಿಕಡ್ಡಿಯನ್ನು ಪಟ್ಟಿಯ ಓರೆಯಲ್ಲೇ ಬರೆದರೆ ಕಡ್ಡಿಯೇ ಮಾಯ. ಚಿತ್ರವನ್ನು ಎಡಬಲ ತಿರುಗಿಸಿ, ಪಟ್ಟಿಯನ್ನು ತುಂಡರಿಸಬೇಡಿ.

ಫಲಕದ ಅಳತೆಗೆ ಸುಲಭ ಲೆಕ್ಕ: ನೋಡುವ ದೂರವನ್ನು 100ರಿಂದ ಭಾಗಿಸಿ. 10 ಮೀಟರಿಗೆ 10 ಸೆಂಟಿಮೀಟರ್ ಎತ್ತರ. ಒಳಗಿನಿಂದಲೇ ಬೆಳಗುವ ಫಲಕಕ್ಕೆ ಅರ್ಧ ಸಾಕು. ಪರದೆಯ ಚಿಹ್ನೆಯನ್ನು 16 ಪಿಕ್ಸೆಲ್‌ಗೆ ಇಳಿಸಿ ನೋಡಿ.

ಪರೀಕ್ಷೆಯಿಲ್ಲದೆ ಗೋಡೆಗೆ ಹಚ್ಚಬೇಡಿ. ಬರೆದವರಿಗೆ ಅರ್ಥ ಮೊದಲೇ ಗೊತ್ತು, ಅವರ ಅಭಿಪ್ರಾಯಕ್ಕೆ ಬೆಲೆಯಿಲ್ಲ. ಚಿಹ್ನೆ ಇರುವ ಜಾಗದ ಚಿತ್ರದೊಂದಿಗೆ ತೋರಿಸಿ, ‘ಇದು ಏನು ಹೇಳುತ್ತಿದೆ? ನೋಡಿದ ಮೇಲೆ ನೀವೇನು ಮಾಡುತ್ತೀರಿ?’ ಎಂದು ಕೇಳಿ. ಉತ್ತರದ ಆಯ್ಕೆಗಳನ್ನು ಕೊಟ್ಟರೆ ಊಹೆಗೂ ಅಂಕ ಸಿಕ್ಕಿಬಿಡುತ್ತದೆ. ಅಮೆರಿಕದ ಸುರಕ್ಷತಾ ಚಿಹ್ನೆಗಳ ಮಾನಕ ಕೇಳುವುದು ಶೇ. 85 ಸರಿ ಉತ್ತರ. ಅಪಾಯಕ್ಕೆ ದೂಡುವಂಥ ತಪ್ಪು ಉತ್ತರ ಶೇ. 5 ಮೀರಬಾರದು. ಅಂದರೆ 50 ಜನರಲ್ಲಿ ಕನಿಷ್ಠ 43 ಮಂದಿ ಸರಿ, ಅಪಾಯದ ತಪ್ಪು ಹೆಚ್ಚೆಂದರೆ 2. ಎರಡನೆಯ ಎಣಿಕೆಯೇ ಮುಖ್ಯ: ‘ಗೊತ್ತಿಲ್ಲ’ ಎಂದವರು ಬೇರೆಯವರನ್ನು ಕೇಳುತ್ತಾರೆ, ‘ಕುಡಿಯಬೇಡಿ’ ಎಂಬುದನ್ನು ತಿರುಗುಮುರುಗಾಗಿ ತಿಳಿದವರು ಕುಡಿದೇಬಿಡುತ್ತಾರೆ.

ಮೊದಲು–ಆಮೇಲೆ ಎಂದು ಎರಡು ಚಿತ್ರ ಸಾಲಾಗಿಟ್ಟಿದ್ದರೆ ಅರಬ್ಬಿ, ಹೀಬ್ರೂ ಓದುವವರಲ್ಲೂ ಪರೀಕ್ಷಿಸಿ. ಅವರ ಓದು ಬಲದಿಂದ ಶುರು. ಮೇಲಿನಿಂದ ಕೆಳಕ್ಕೆ ಜೋಡಿಸಿದರೆ ಈ ತೊಡಕು ತಪ್ಪುತ್ತದೆ. ಎರಡು ಸಲ ತಿದ್ದಿಯೂ 43 ಮುಟ್ಟದಿದ್ದರೆ ಚಿತ್ರದ ಕೆಳಗೆ ಎರಡು ಪದ ಬರೆದು, ಪದಗಳ ಸಮೇತ ಹೊಸಬರ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿ.