ಮುಂದೆ ಓಡುತ್ತಿದ್ದ ವಾಚು ಹದಕ್ಕೆ ಬಂದದ್ದು

ನನ್ನ ಸ್ವಿಸ್ ಆಟೊಮ್ಯಾಟಿಕ್ ವಾಚು ಇದ್ದಕ್ಕಿದ್ದಂತೆ ದಿನಕ್ಕೆ 4 ನಿಮಿಷ ಮುಂದೆ ಓಡತೊಡಗಿತು. ಪೂರ್ತಿ ಕೀ ಕೊಟ್ಟೆ, ರಾತ್ರಿ ಮಗುಚಿಟ್ಟೆ. ಪೇಟೆಯಲ್ಲಿ ರೆಗ್ಯುಲೇಟರ್ (ವಾಚಿನ ವೇಗ ಹೊಂದಿಸುವ ಪುಟ್ಟ ಸನ್ನೆ) ಸರಿಸಿಸಿದ್ದಂತೂ ಸುಮ್ನೆ ದುಡ್ಡು ದಂಡ.

ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದಿದ್ದ ಪಕ್ಕದ್ಮನೆ ತಾತ, ‘ದಿಕ್ಸೂಚಿ ಹತ್ತಿರ ಹಿಡಿಯಪ್ಪ’ ಎಂದರು. ದಿಕ್ಸೂಚಿಯ ಮುಳ್ಳು ಅಲ್ಲಾಡಿತು! ವಾಚಿಗೆ ಅಯಸ್ಕಾಂತ ಹಿಡಿದಿತ್ತು; ಫೋನ್ ಕವರಿನ ಅಯಸ್ಕಾಂತದ ಕೆಲಸ. ಕೂದಲೆಳೆಯಂಥ ಹೇರ್‌ಸ್ಪ್ರಿಂಗ್‌ನ ಸುತ್ತುಗಳು ಒಂದಕ್ಕೊಂದು ಅಂಟಿದರೆ ಸ್ಪ್ರಿಂಗ್ ಗಿಡ್ಡವಾದಂತೆ. ಆಗ ಸಮಯ ಅಳೆಯುವ ಬ್ಯಾಲೆನ್ಸ್ ಚಕ್ರ ಬೇಗಬೇಗ ತೂಗಿ ವಾಚು ಮುಂದೆ ಓಡುತ್ತದೆ.

ಹಿಡಿದ ಅಯಸ್ಕಾಂತ ಬಿಡಿಸುವ ಡಿಮ್ಯಾಗ್ನೆಟೈಸರ್ ತಂದೆ. ವಾಚನ್ನು ಅದರ ಮೇಲಿಟ್ಟು ಗುಂಡಿ ಒತ್ತಿ. ಒತ್ತಿಕೊಂಡೇ ವಾಚನ್ನು ನಿಧಾನವಾಗಿ, ನೇರ ಮೇಲಕ್ಕೆ, ಎರಡು ಅಡಿ ಎತ್ತಿ. ಆಮೇಲೆ ಗುಂಡಿ ಬಿಡಿ. ವಾಚು ಡಿಮ್ಯಾಗ್ನೆಟೈಸರ್ ಮೇಲೆ ಕೂತಿರುವಾಗಲೇ ಗುಂಡಿ ಬಿಟ್ಟರೆ ಮತ್ತೆ ಅಯಸ್ಕಾಂತ ಹಿಡಿಯುತ್ತದೆ; ನನ್ನ ಮೊದಲ ಸಲ ಕೆಟ್ಟದ್ದೇ ಹೀಗೆ. ಎರಡನೇ ಸಲಕ್ಕೆ ಮುಳ್ಳು ಅಲ್ಲಾಡಲಿಲ್ಲ. ಸರಿಸಿದ್ದ ರೆಗ್ಯುಲೇಟರನ್ನು ಹಳೇ ಜಾಗಕ್ಕೆ ತರಿಸಿದೆ. ಈಗ ದಿನಕ್ಕೆ 6 ಸೆಕೆಂಡ್ ಮುಂದೆ, ಅಷ್ಟೇ.