ಮಣ್ಣಿನ ಲ್ಯಾಬಿನಲ್ಲಿ ಬರವಣಿಗೆ ಕಲಿಸಿದ್ದು

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಹುಡುಗರಿಗೆ ಮಣ್ಣು ಪರೀಕ್ಷೆಯ ಲ್ಯಾಬ್ ತಗೊಳ್ಳುತ್ತೇನೆ. ಆರು ವರ್ಷದ ಹಿಂದೆ ವಿಭಾಗದ ಮುಖ್ಯಸ್ಥರು ಕರೆದು, 'ನಿಮ್ಮ ಕೋರ್ಸನ್ನು ರೈಟಿಂಗ್ ಇಂಟೆನ್ಸಿವ್ ಮಾಡೋಣ' ಅಂದರು. ಅಂದರೆ, ವಿಷಯದ ಜೊತೆಗೆ ಬರವಣಿಗೆಯನ್ನೂ ಕಲಿಸುವ ಕೋರ್ಸು. ನನಗೆ ನಗು ಬಂತು. ಬರೆಯೋದು ಕಲಿಸೋದು ಇಂಗ್ಲಿಷ್ ವಿಭಾಗದವರ ಕೆಲಸ ಅಲ್ವಾ?

ಇಲ್ಲಿ ಹಾಗಲ್ಲ. ಯಾವ ವಿಷಯವೋ ಆ ವಿಷಯದ ಮೇಷ್ಟ್ರೇ ಅದರ ಬರವಣಿಗೆಯನ್ನೂ ಕಲಿಸಬೇಕು ಅನ್ನೋ ವಿಚಾರ 1970ರ ದಶಕದಿಂದ ಬೆಳೆದುಬಂದಿದೆ. ಮಿಸೌರಿ ವಿಶ್ವವಿದ್ಯಾಲಯ 1985ರಲ್ಲೇ ಇದಕ್ಕೊಂದು ಪ್ರತ್ಯೇಕ ಕಾರ್ಯಕ್ರಮ ಶುರು ಮಾಡಿತು. ಇಂಥ ಕೋರ್ಸಿನ ನಿಯಮ ಒಂದೊಂದು ಕಡೆ ಒಂದೊಂದು ಥರ. ಆದರೂ ತರಗತಿ ಚಿಕ್ಕದಿರಬೇಕು, ಅಂಕದಲ್ಲಿ ಬರವಣಿಗೆಗೆ ದೊಡ್ಡ ಪಾಲಿರಬೇಕು, ಬರೆದದ್ದನ್ನು ತಿದ್ದಿ ಮತ್ತೆ ಬರೆಯೋಕೆ ಅವಕಾಶ ಇರಬೇಕು ಅನ್ನೋದು ಸಾಮಾನ್ಯ.

ನಾನು ಬಿ.ಇ. ಓದಿದ್ದು ಕರ್ನಾಟಕದಲ್ಲಿ. ನಮಗೆ ಲ್ಯಾಬ್ ರೆಕಾರ್ಡ್ ಅಂದರೆ ಸೀನಿಯರ್ ಕೊಟ್ಟ ಪುಸ್ತಕ ನೋಡಿ ಇಳಿಸೋದು. ಪ್ರಯೋಗಕ್ಕೆ ಮೊದಲೇ ಫಲಿತಾಂಶ ಬರೆದಿಟ್ಟದ್ದೂ ಉಂಟು. ಗೆರೆ ಸ್ಕೇಲ್ ಇಟ್ಟು ಎಳೆದಿದ್ದರೆ ಸಹಿ ಬಿತ್ತು ಅಂತಲೇ ಲೆಕ್ಕ. ಅಂಥವನು ಬರವಣಿಗೆ ಕಲಿಸೋಕೆ ಹೊರಟೆ!

ಮೊದಲ ಸೆಮಿಸ್ಟರ್ ಪೂರ್ತಿ ಕೆಟ್ಟಿತು. 18 ಜನ, ತಲಾ ಐದು ವರದಿ. ಕಾಮಾ, ಸ್ಪೆಲಿಂಗ್, ವ್ಯಾಕರಣ ಎಲ್ಲಕ್ಕೂ ಕೆಂಪು ಗೀಟು ಹಾಕಿದೆ. ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ತಿದ್ದಿ ತಂದ ವರದಿಯಲ್ಲಿ ನಾನು ಗೀಟು ಹಾಕಿದ ಕಾಮಾಗಳೆಲ್ಲ ಸರಿಯಾಗಿದ್ದವು. ತಪ್ಪು ತೀರ್ಮಾನ ಮಾತ್ರ ಇದ್ದಲ್ಲೇ ಇತ್ತು.

ದಾರಿ ತೋರಿಸಿದ್ದು ಪ್ಲಾಸ್ಟಿಕ್ ಲಿಮಿಟ್ ಪರೀಕ್ಷೆ. ಒದ್ದೆ ಜೇಡಿಮಣ್ಣನ್ನು ಗಾಜಿನ ಹಲಗೆ ಮೇಲೆ ಅಂಗೈಯಿಂದ ಹೊಸೆಯಬೇಕು, ಕೋಡುಬಳೆಗೆ ಹಿಟ್ಟು ಹೊಸೆದ ಹಾಗೆ. ಹೊಸೆಯುತ್ತಾ ಮಣ್ಣು ಒಣಗುತ್ತದೆ. ಎಳೆ ಸುಮಾರು 3 ಮಿಲಿಮೀಟರ್ ದಪ್ಪಕ್ಕೆ ಬಂದಾಗ ಪುಡಿಯಾಗಿ ಮುರಿದರೆ, ಆಗ ಮಣ್ಣಲ್ಲಿರುವ ನೀರಿನಂಶವೇ ಪ್ಲಾಸ್ಟಿಕ್ ಲಿಮಿಟ್. ಒಬ್ಬ ಹುಡುಗಿಗೆ ಒಂದು ಸಲ ಶೇ. 21 ಬಂತು, ಇನ್ನೊಂದು ಸಲ ಶೇ. 29. ಎರಡನ್ನೂ ಕೂಡಿಸಿ ಸರಾಸರಿ 25 ಅಂತ ಹಾಕಿ, 'ಫಲಿತಾಂಶ ತೃಪ್ತಿಕರ' ಅಂತ ಬರೆದಿದ್ದಳು. ನಾನು ಭಾಷೆ ಮುಟ್ಟಲಿಲ್ಲ. ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದೆ: 'ಎರಡನೇ ಸಲ ಎಳೆ ಮುರಿಯಿತಾ?'

ಮುಂದಿನ ಡ್ರಾಫ್ಟಿನಲ್ಲಿ ಉತ್ತರ ಇತ್ತು. ಗಡಿಬಿಡಿಯಲ್ಲಿ ಎಳೆ ಮುರಿಯುವ ಮೊದಲೇ ತೂಕಕ್ಕೆ ಹಾಕಿದ್ದಳು, ಮಣ್ಣಿನಲ್ಲಿ ಇನ್ನೂ ನೀರು ಜಾಸ್ತಿ ಇತ್ತು. ಮತ್ತೆ ಬಂದು ಹೊಸೆದಾಗ ಶೇ. 22 ಬಂತು. ಇಷ್ಟನ್ನು ಆರು ವಾಕ್ಯದಲ್ಲಿ ಬರೆದಿದ್ದಳು. ಸ್ಪೆಲಿಂಗ್ ತಪ್ಪು ಎರಡಿದ್ದವು, ಇರಲಿ ಬಿಡಿ.

ಈಗ ಒಬ್ಬೊಬ್ಬರ ಮೊದಲ ಡ್ರಾಫ್ಟ್ ನೋಡೋಕೆ ಫೋನಿನಲ್ಲಿ ಹತ್ತು ನಿಮಿಷದ ಟೈಮರ್ ಇಡುತ್ತೇನೆ. ಮೂರಕ್ಕಿಂತ ಜಾಸ್ತಿ ಟಿಪ್ಪಣಿ ಹಾಕುವುದಿಲ್ಲ, ಮೂರೂ ಪ್ರಶ್ನೆಗಳೇ. ಭಾಷೆಯ ತಪ್ಪನ್ನು ಒಂದು ಪ್ಯಾರಾದಲ್ಲಿ ಮಾತ್ರ ಗುರುತು ಮಾಡಿ, ಉಳಿದದ್ದು ನೀವೇ ಹುಡುಕಿ ಅನ್ನುತ್ತೇನೆ. ಲ್ಯಾಬ್ ಮುಗಿದ ಕೂಡಲೇ, ಕೈಗೆ ಮಣ್ಣಿರುವಾಗಲೇ, ಐದು ನಿಮಿಷ ಬರೆಸುತ್ತೇನೆ: ಇವತ್ತಿನ ಯಾವ ಅಂಕಿ ಮೇಲೆ ನಿಮಗೆ ನಂಬಿಕೆ ಇಲ್ಲ, ಯಾಕೆ? ಇದಕ್ಕೆ ಅಂಕ ಇಲ್ಲ. ವರದಿಯ ಒಳ್ಳೆಯ ಭಾಗ ಹುಟ್ಟೋದು ಬಹುಪಾಲು ಈ ಮಣ್ಣು ಮೆತ್ತಿದ ಹಾಳೆಯಲ್ಲೇ.

ಒಬ್ಬರದು ಒಬ್ಬರು ಓದಿ ಅಭಿಪ್ರಾಯ ಹೇಳೋದು ಮಾತ್ರ ಇನ್ನೂ ಕೈಗೂಡಿಲ್ಲ. ಸುಮ್ನೆ 'ಚೆನ್ನಾಗಿದೆ' ಅಂತ ಬರೆದು ವಾಪಸ್ ಕೊಡುತ್ತಾರೆ. ಪಕ್ಕದವನ ವರದಿಯನ್ನು ಗಟ್ಟಿಯಾಗಿ ಓದಿಸಿದರೆ ಸ್ವಲ್ಪ ವಾಸಿ. ತಡವರಿಸಿದ ಜಾಗದಲ್ಲಿ ಬರೆದವನೇ ಪೆನ್ನು ಹಿಡಿಯುತ್ತಾನೆ.

ಇದಕ್ಕೆಲ್ಲ ಸಮಯ ಬೇಕಲ್ಲ, ಹತ್ತು ಪ್ರಯೋಗದಲ್ಲಿ ಎರಡನ್ನು ಕೈಬಿಟ್ಟೆ. ಒಬ್ಬ ಸಹೋದ್ಯೋಗಿಗೆ ಅದು ಇವತ್ತಿಗೂ ಒಪ್ಪಿಗೆಯಿಲ್ಲ. ಹೋದ ಸೆಮಿಸ್ಟರ್ ಆಫೀಸಿನವರು 26 ಜನರನ್ನು ಸೇರಿಸುತ್ತೇವೆ ಅಂದರು. ಡ್ರಾಫ್ಟಿಗೆ ಹತ್ತು ನಿಮಿಷದಂತೆ ಒಟ್ಟು ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿದ ಚೀಟಿ ಅವರ ಮುಂದಿಟ್ಟೆ. ಸದ್ಯಕ್ಕೆ 20ಕ್ಕೆ ನಿಂತಿದೆ.