ವಿದೇಶಕ್ಕೆ ಸಾಮಾನು ಕಳಿಸುವಾಗ ಪ್ಯಾಕಿಂಗ್ ಲಿಸ್ಟ್ ಓದಿ ಸಹಿ ಹಾಕಿ
ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ವಿದೇಶಕ್ಕೆ ಮನೆ ಸಾಮಾನು ಸಾಗಿಸುವವರೇ, ಒಡೆಯುವಂಥದ್ದನ್ನೆಲ್ಲ ಪ್ಯಾಕರ್ಸ್‌ನವರಿಂದಲೇ ಕಟ್ಟಿಸಿ. ಪ್ರತಿ ಬಾಕ್ಸಿನಲ್ಲಿ ಏನಿದೆ ಅಂತ ಪ್ಯಾಕಿಂಗ್ ಲಿಸ್ಟಿನಲ್ಲಿ ಬರೆಸಿದ ಮೇಲೆಯೇ ಸಹಿ ಹಾಕಿ. ನಾವೇ ಕಟ್ಟಿದ ಬಾಕ್ಸಿಗೆ ‘ಪಿಬಿಒ’ ಅಂತ ಗುರುತು ಹಾಕುತ್ತಾರೆ, ಅಂದರೆ ಮಾಲೀಕರೇ ಪ್ಯಾಕ್ ಮಾಡಿದ್ದು. ಅದರೊಳಗಿನದು ಒಡೆದರೆ ಸಾಗಣೆ ವಿಮೆ ಸಾಮಾನ್ಯವಾಗಿ ಪರಿಹಾರ ಕೊಡುವುದಿಲ್ಲ. ಅಜ್ಜನ ಕಾಲದ ತೇಗದ ಪೆಟ್ಟಿಗೆ ಚೆನ್ನಾಗಿದ್ದರೂ ‘ಗೀರು ಬಿದ್ದಿದೆ’ ಅಂತ ಸುಮ್ನೆ ಬರೆದಿದ್ದರೆ ಅಲ್ಲೇ ತಿದ್ದಿಸಿ, ಫೋಟೋ ತೆಗೆದಿಡಿ. ವಿಮೆ ಫಾರಂನಲ್ಲಿ ನಾವು ಬೆಲೆ ಕಡಿಮೆ ತೋರಿಸಿದ್ದರೆ ಈ ಲಿಸ್ಟೂ ಪೂರ್ತಿ ಕಾಪಾಡುವುದಿಲ್ಲ. ಅಲ್ಲಿ ಸಾಮಾನು ಇಳಿಸಿಕೊಳ್ಳುವಾಗ ಕಂಡ ಹಾನಿಯನ್ನು ರಸೀದಿಯಲ್ಲಿ ಬರೆಯದಿದ್ದರೂ ಅಷ್ಟೇ. ಕಂಪನಿ ಬೇರೆ ಊರಿನದಾದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಶಿವಮೊಗ್ಗದಲ್ಲಿ ವಾಸ ಇರುವ ಗ್ರಾಹಕರು ಇಲ್ಲಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ 2 ವರ್ಷದೊಳಗೆ ದೂರು ಕೊಡಬಹುದು.